ಮೊದಲ ಸೈಕಲ್ ಕಂಪ್ಯೂಟರ್ ತಗೊಳ್ಳೋ ಮುಂಚೆ: ಯಾವುದಕ್ಕೆ ದುಡ್ಡು ಹಾಕ್ಬೇಕು, ಯಾವುದಕ್ಕೆ ಬೇಡ

ಹೊಸದಾಗಿ ಸೈಕ್ಲಿಂಗ್ ಶುರು ಮಾಡಿದೋರು ಒಂದೆರಡು ತಿಂಗಳು ಓಡಿಸಿದ್ಮೇಲೆ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, ಕಮ್ಮಿ ದುಡ್ಡಲ್ಲಿ ಒಳ್ಳೆ ಸೈಕಲ್ ಕಂಪ್ಯೂಟರ್ (ಹ್ಯಾಂಡಲ್ ಮೇಲೆ ಕೂತು ಸ್ಪೀಡು, ದೂರ ತೋರಿಸೋ ಡಬ್ಬಿ) ಯಾವುದು ಅಂತ. ಒಂದು ಮಾಡೆಲ್ ಹೆಸರು ಹೇಳಿ ಮುಗಿಸಿಬಿಡಬಹುದು, ಆದ್ರೆ ಮಾಡೆಲ್‌ಗಳು ಬದಲಾಗ್ತಾನೇ ಇರ್ತವೆ, ಮತ್ತೆ ನನಗೆ ಸರಿ ಹೋಗಿದ್ದು ನಿಮಗೂ ಸರಿ ಹೋಗ್ಬೇಕು ಅಂತೇನಿಲ್ಲ. ಅದಕ್ಕಿಂತ ಈ ಪುಟ್ಟ ಡಬ್ಬಿ ಒಳಗೆ ಹೇಗೆ ಕೆಲಸ ಮಾಡುತ್ತೆ, ಯಾವ ನಂಬರ್ ಎಲ್ಲಿಂದ ಬರುತ್ತೆ ಅನ್ನೋದು ಒಂದ್ಸಲ ಗೊತ್ತಾದ್ರೆ ಬಾಕ್ಸ್ ಮೇಲೆ ಪ್ರಿಂಟ್ ಮಾಡಿರೋ ಉದ್ದದ ಫೀಚರ್ ಪಟ್ಟಿ ನೋಡಿ ಗಾಬರಿ ಆಗೋದು ನಿಂತುಹೋಗುತ್ತೆ.

ನಾನು ಎಲ್ಲರಿಗೂ ಮೊದಲು ಹೇಳೋದು ಇಷ್ಟು. ಸೈಕಲ್ ಓಡ್ತಾ ಇರುವಾಗ ನಿಮ್ಮ ಕಣ್ಣು ಸ್ಕ್ರೀನ್ ಮೇಲೆ ಇರೋದು ಅರ್ಧ ಸೆಕೆಂಡೋ ಒಂದು ಸೆಕೆಂಡೋ, ಅಷ್ಟರಲ್ಲಿ ಎರಡು ಮೂರು ನಂಬರಿಗಿಂತ ಜಾಸ್ತಿ ಓದೋಕಾಗಲ್ಲ, ಓದ್ಬಾರದು ಕೂಡ. ಉಳಿದಿದ್ದನ್ನೆಲ್ಲ ಮನೆಗೆ ಬಂದು ಫೋನಲ್ಲಿ ನೋಡ್ತೀರ. ಹಾಗಾಗಿ ಓಡಿಸುವಾಗ ನನಗೆ ಯಾವ ಎರಡು ಮೂರು ನಂಬರ್ ಬೇಕು, ರೈಡ್ ಮುಗಿದ್ಮೇಲೆ ಏನು ರೆಕಾರ್ಡ್ ಉಳೀಬೇಕು, ಇವೆರಡಕ್ಕೆ ಉತ್ತರ ಇದ್ರೆ ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಆಗಿಹೋಯ್ತು.

ಫೋನೇ ಸಾಕಲ್ವಾ ಅಂತ ಕೇಳೋರಿಗೆ, ಶುರುವಿನಲ್ಲಿ ಖಂಡಿತ ಸಾಕು. ರೈಡ್ ರೆಕಾರ್ಡ್ ಮಾಡೋ ಸ್ಟ್ರಾವಾ ಥರದ ಆ್ಯಪ್ ಆನ್ ಮಾಡಿ ಜೇಬಲ್ಲಿ ಇಟ್ಕೊಂಡು ಹೋದ್ರೆ ದೂರ, ಟೈಮು, ಹೋದ ದಾರಿ ಎಲ್ಲಾ ಸಿಗುತ್ತೆ, ಒಂದು ಪೈಸೆ ಖರ್ಚಿಲ್ಲ. ತೊಂದರೆ ಶುರುವಾಗೋದು ಅದೇ ಫೋನನ್ನ ಹ್ಯಾಂಡಲ್ ಮೇಲೆ ಕಟ್ಟಿ ಸ್ಕ್ರೀನ್ ಆನ್ ಇಟ್ಟು ಓಡಿಸೋಕೆ ಹೋದಾಗ. ಬಿಸಿಲಲ್ಲಿ ಕಾಣಬೇಕು ಅಂದ್ರೆ ಬ್ರೈಟ್‌ನೆಸ್ ಪೂರ್ತಿ ಏರಿಸ್ಬೇಕು, ಬ್ಯಾಟರಿ ಕರಗ್ತಾ ಹೋಗುತ್ತೆ, ಬೆವರಿನ ಕೈಗೆ ಟಚ್ ಸರಿಯಾಗಿ ಕೇಳಲ್ಲ, ಮಳೆ ಹನಿ ಬಿದ್ರೆ ತಾನಾಗೇ ಏನೇನೋ ಒತ್ತಿಕೊಳ್ಳುತ್ತೆ. ದಾರಿ ಮಧ್ಯ ಏನಾದ್ರೂ ಆದ್ರೆ ಯಾರಿಗಾದ್ರೂ ಕಾಲ್ ಮಾಡೋಕೆ ಇರೋದೂ ಅದೊಂದೇ ಫೋನ್, ಅದರ ಚಾರ್ಜ್ ಖಾಲಿ ಮಾಡ್ಕೊಳ್ಳೋದು ಒಳ್ಳೇದಲ್ಲ. ಇನ್ನೊಂದು ವಿಷ್ಯ, ದೊಡ್ಡ ಮೋಟಾರ್‌ಸೈಕಲ್ ಎಂಜಿನ್ನಿನ ವೈಬ್ರೇಷನ್‌ಗೆ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಸೈಕಲ್ಲಲ್ಲಿ ಎಂಜಿನ್ ಇಲ್ಲ ನಿಜ, ಆದ್ರೂ ಗುಂಡಿ ಬಿದ್ದ ರಸ್ತೇಲಿ ದುಬಾರಿ ಫೋನನ್ನ ಹ್ಯಾಂಡಲ್ ಮೇಲೆ ಕುಣಿಸೋಕೆ ನನಗಂತೂ ಮನಸ್ಸು ಬರಲ್ಲ. ಫೋನ್ ಜೇಬಲ್ಲಿದ್ದು ರೆಕಾರ್ಡ್ ಮಾಡ್ಲಿ, ಕಣ್ಣ ಮುಂದೆ ಸ್ಪೀಡು ದೂರ ಕಂಡ್ರೆ ಸಾಕು ಅನ್ನೋದಾದ್ರೆ ಅದಕ್ಕೆ ತುಂಬಾ ಅಗ್ಗದ ದಾರಿ ಇದೆ, ಅದೇ ಹಳೇ ಮ್ಯಾಗ್ನೆಟ್ ಕಂಪ್ಯೂಟರ್.

ಇದ್ರಲ್ಲಿ ಮುಂದಿನ ಚಕ್ರದ ಸ್ಪೋಕಿಗೆ ಒಂದು ಚಿಕ್ಕ ಮ್ಯಾಗ್ನೆಟ್, ಆ ಚಕ್ರವನ್ನ ಹಿಡಿದಿರೋ ಫೋರ್ಕಿಗೆ ಒಂದು ಸೆನ್ಸರ್. ಆ ಸೆನ್ಸರ್ ಒಳಗಿರೋದು ರೀಡ್ ಸ್ವಿಚ್, ಅಂದ್ರೆ ಸಣ್ಣ ಗಾಜಿನ ಕೊಳವೆ ಒಳಗೆ ಎರಡು ತೆಳ್ಳನೆ ಲೋಹದ ಪಟ್ಟಿ. ಮ್ಯಾಗ್ನೆಟ್ ಹತ್ರ ಬಂದಾಗೆಲ್ಲ ಪಟ್ಟಿಗಳು ಒಂದಕ್ಕೊಂದು ತಾಗ್ತವೆ, ಒಂದು ಸುತ್ತು ಅಂತ ಲೆಕ್ಕ ಆಗುತ್ತೆ. ಗಂಟೆಗೆ 25 ಕಿಲೋಮೀಟರ್ ಸ್ಪೀಡಲ್ಲಿ ಹೋಗುವಾಗ ರೋಡ್ ಸೈಕಲ್ಲಿನ ಚಕ್ರ ಸೆಕೆಂಡಿಗೆ ಮೂರು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತೆ, ಈ ಡಬ್ಬಿ ಸುತ್ತುಗಳನ್ನ ಎಣಿಸಿ ಚಕ್ರದ ಸುತ್ತಳತೆಯಿಂದ ಗುಣಿಸುತ್ತೆ, ಅಷ್ಟೇ ಅದರ ಬುದ್ಧಿ. ಉಪಗ್ರಹ ಬೇಡ, ಫೋನ್ ಬೇಡ, ದಿನಾ ಚಾರ್ಜ್ ಮಾಡೋ ಹಂಗಿಲ್ಲ, ಬಟನ್ ಸೆಲ್ ಹಾಕಿದ್ರೆ ತಿಂಗಳುಗಟ್ಟಲೆ ಬರುತ್ತೆ. ಸುರಂಗದಲ್ಲೂ ಸ್ಪೀಡ್ ತೋರಿಸುತ್ತೆ, ನಿಂತ ಕೆಲವೇ ಸೆಕೆಂಡಲ್ಲಿ ಸೊನ್ನೆಗೆ ಬರುತ್ತೆ.

ಆದ್ರೆ ಸುತ್ತಳತೆ ಸರಿ ಹಾಕ್ಬೇಕು, ತುಂಬಾ ಜನ ತಪ್ಪೋದು ಇಲ್ಲೇ. ಮ್ಯಾನ್ಯುಯಲ್‌ನಲ್ಲಿ ಒಂದು ಟೇಬಲ್ ಇರುತ್ತೆ, ಉದಾಹರಣೆಗೆ 700×25ಸಿ ಟೈರಿಗೆ 2105 ಮಿಲಿಮೀಟರ್, 700×32ಸಿ ಟೈರಿಗೆ 2155 (25, 32 ಅನ್ನೋದು ಟೈರಿನ ಅಗಲ, ಮಿಲಿಮೀಟರಲ್ಲಿ). ನೋಡೋಕೆ ಬರೀ 50 ಮಿಲಿಮೀಟರ್ ವ್ಯತ್ಯಾಸ, ಏನು ಮಹಾ ಅನ್ಸುತ್ತೆ. ಆದ್ರೆ 32ರ ಟೈರ್ ಇಟ್ಕೊಂಡು 2105 ಹಾಕಿದ್ರೆ ಮೀಟರ್ 40 ಕಿಲೋಮೀಟರ್ ಅಂತ ತೋರಿಸುವಾಗ ನೀವು ನಿಜವಾಗ್ಲೂ ಓಡಿಸಿರೋದು ಹೆಚ್ಚುಕಮ್ಮಿ 41. ಟೇಬಲ್ಲಿಗಿಂತ ನೀವೇ ಅಳೆಯೋದು ಇನ್ನೂ ಉತ್ತಮ. ಟೈರಿಗೆ ಯಾವತ್ತೂ ಹಾಕೋ ಅಷ್ಟೇ ಗಾಳಿ ಹಾಕಿ, ವಾಲ್ವ್ ಸರಿಯಾಗಿ ಕೆಳಗೆ ಬರೋ ಹಾಗೆ ನಿಲ್ಲಿಸಿ ನೆಲದ ಮೇಲೆ ಚಾಕ್‌ಪೀಸಲ್ಲಿ ಒಂದು ಗೆರೆ ಎಳೀರಿ, ಸೀಟ್ ಮೇಲೆ ಕೂತು ಗೋಡೆಯನ್ನೋ ಯಾರದ್ದಾದ್ರೂ ಭುಜವನ್ನೋ ಹಿಡ್ಕೊಂಡು ನೇರವಾಗಿ ಮುಂದಕ್ಕೆ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ, ನಡುವಿನ ಅಂತರವನ್ನ ಟೇಪಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೀರಿ. ಕೂತೇ ಅಳೀಬೇಕು, ಯಾಕಂದ್ರೆ ನಿಮ್ಮ ತೂಕಕ್ಕೆ ಟೈರ್ ಸ್ವಲ್ಪ ಅದುಮಿಕೊಳ್ಳುತ್ತೆ, ಸುತ್ತಳತೆ ಅಷ್ಟು ಕಮ್ಮಿ ಆಗುತ್ತೆ. ಐದು ಸುತ್ತು ಉರುಳಿಸಿ ಐದರಿಂದ ಭಾಗಿಸಿದ್ರೆ ಇನ್ನೂ ಕರೆಕ್ಟಾಗಿ ಬರುತ್ತೆ.

ಮ್ಯಾಗ್ನೆಟ್ ಟೈಪಲ್ಲಿ ವೈರ್ ಇರೋದು, ವೈರ್‌ಲೆಸ್ ಅಂತ ಎರಡಿವೆ. ಅಗ್ಗದ್ದೇ ತಗೊಳ್ಳೋದಾದ್ರೆ ವೈರ್ ಇರೋದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಕಮ್ಮಿ ಬೆಲೆಯ ವೈರ್‌ಲೆಸ್‌ಗಳಲ್ಲಿ ಬಹಳಷ್ಟು ಹಳೇ ಅನಲಾಗ್ ಸಿಗ್ನಲ್ಲಿನವು, ಸೆನ್ಸರಿಂದ ಡಬ್ಬಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ ಆದ್ರೆ ಸಿಗ್ನಲ್ ಸಿಗಲ್ಲ, ಪಕ್ಕದಲ್ಲೇ ಮಿನುಗೋ ಎಲ್‌ಇಡಿ ಲೈಟ್ ಹಾಕಿದ್ರೆ ಸ್ಪೀಡ್ ಇದ್ದಕ್ಕಿದ್ದಂಗೆ ಎಲ್ಲೆಲ್ಲೋ ಜಿಗಿಯುತ್ತೆ. ವೈರಿನದ್ದಕ್ಕೆ ಆ ತಲೆನೋವಿಲ್ಲ, ವೈರನ್ನ ಬ್ರೇಕ್ ಕೇಬಲ್ ಸುತ್ತ ಸುತ್ತಿ ಜಿಪ್ ಟೈ ಹಾಕಿದ್ರೆ ಆಯ್ತು, ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗ ವೈರ್ ಬಿಗಿ ಆಗ್ದಿರೋ ಹಾಗೆ ಸ್ವಲ್ಪ ಸಡಿಲ ಬಿಡಿ. ಕ್ಯಾಟ್‌ಐ, ಸಿಗ್ಮಾ ಕಂಪನಿಗಳು ದಶಕಗಳಿಂದ ಇಂಥವನ್ನ ಮಾಡ್ತಾ ಬಂದಿವೆ.

ಜಿಪಿಎಸ್ ಕಂಪ್ಯೂಟರ್ ಬೇರೇನೇ ಜಾತಿ. ಇದು ಚಕ್ರವನ್ನ ನೋಡೋದೇ ಇಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಉಪಗ್ರಹಗಳ ಸಿಗ್ನಲ್ ಬಂದು ತಲುಪೋಕೆ ಎಷ್ಟು ಹೊತ್ತಾಯ್ತು ಅನ್ನೋದರಿಂದ ನೀವು ಎಲ್ಲಿದ್ದೀರ ಅಂತ ಲೆಕ್ಕ ಹಾಕುತ್ತೆ, ಸಾಮಾನ್ಯವಾಗಿ ಸೆಕೆಂಡಿಗೊಂದು ಪಾಯಿಂಟ್ ಬರೆದಿಟ್ಕೊಳ್ಳುತ್ತೆ. ಲಾಭ ಏನಂದ್ರೆ ಸುತ್ತಳತೆ ಅಳೆಯೋ ಕೆಲಸ ಇಲ್ಲ, ಒಂದು ಸೈಕಲ್ಲಿಂದ ಇನ್ನೊಂದಕ್ಕೆ ತಿರುಗಿಸಿ ಹಾಕಿದ್ರೆ ಮುಗೀತು, ಹೋದ ದಾರಿ ಪೂರ್ತಿ ಉಳಿಯುತ್ತೆ. ಆದ್ರೆ ಸಿಗ್ನಲ್ ತುಂಬಾ ದುರ್ಬಲ, ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಗೋಡೆಗೆ ಬಡಿದು ಬಂದ ಸಿಗ್ನಲ್ಲನ್ನೇ ನಿಜ ಅಂದ್ಕೊಂಡು ಪಾಯಿಂಟ್‌ಗಳು ರಸ್ತೆಯಿಂದ ಆಚೆ ಜಾರ್ತವೆ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಇವೆಲ್ಲವನ್ನೂ ಹಿಡಿಯೋ ಚಿಪ್ ಇದ್ರೆ ಆಕಾಶದಲ್ಲಿ ಕಾಣೋ ಉಪಗ್ರಹಗಳ ಸಂಖ್ಯೆ ಜಾಸ್ತಿ ಆಗಿ ಈ ಜಾರಾಟ ಕಮ್ಮಿ ಆಗುತ್ತೆ. ಅಗ್ಗದ ಮಾಡೆಲ್‌ಗಳಲ್ಲೂ ಈಗ ಇದು ಇರುತ್ತೆ, ಒಂದ್ಸಲ ನೋಡ್ಕೊಂಡು ತಗೊಳ್ಳಿ.

ಹೊಸಬರು ಜಿಪಿಎಸ್ ಕೈಕೊಡ್ತಿದೆ ಅಂತ ಬೈಯೋದು ಹೆಚ್ಚಾಗಿ ರೈಡಿನ ಮೊದಲ ಅರ್ಧ ಕಿಲೋಮೀಟರ್ ಬಗ್ಗೆ. ಅದಕ್ಕೆ ಕಾರಣ ಇದೆ. ಪ್ರತಿ ಉಪಗ್ರಹ ತಾನು ಎಲ್ಲಿದ್ದೀನಿ ಅನ್ನೋ ವಿವರವನ್ನ ಬಹಳ ನಿಧಾನಕ್ಕೆ ಕಳಿಸುತ್ತೆ, ಜಿಪಿಎಸ್‌ನಲ್ಲಿ ಆ ವಿವರ 30 ಸೆಕೆಂಡಿಗೊಮ್ಮೆ ಮತ್ತೆ ಮೊದಲಿಂದ ಬರುತ್ತೆ, ಕೆಲವು ಗಂಟೆ ಆದ್ಮೇಲೆ ಹಳೇದು ಉಪಯೋಗಕ್ಕೆ ಬರಲ್ಲ. ಹಾಗಾಗಿ ರಾತ್ರಿಯೆಲ್ಲ ಆಫ್ ಆಗಿದ್ದ ಕಂಪ್ಯೂಟರನ್ನ ಆನ್ ಮಾಡಿದ ಕೂಡಲೇ ಪೆಡಲ್ ತುಳಿದ್ರೆ ಅದು ಇನ್ನೂ ವಿವರ ಕೇಳಿಸ್ಕೊಳ್ತಾ ಇರುತ್ತೆ, ನೀವು ಮರದ ಕೆಳಗೆ ಹೋದ್ರಿ ಅಂದ್ರೆ ಮಧ್ಯದಲ್ಲಿ ತಪ್ಪಿಹೋಗಿ ಮತ್ತೆ ಮೊದಲಿಂದ. ಬಯಲಲ್ಲಿ ಇಟ್ಟು ಆನ್ ಮಾಡಿ, ಅದು ಹುಡುಕ್ತಾ ಇರಲಿ, ಅಷ್ಟರಲ್ಲಿ ನೀವು ಟೈರ್ ಗಾಳಿ, ಬ್ರೇಕ್ ನೋಡ್ಕೊಳ್ಳಿ, ಸಿಗ್ನಲ್ ಬಂದ ಮೇಲೆ ಹೊರಡಿ. ಕೆಲವು ಕಂಪ್ಯೂಟರ್‌ಗಳು ಫೋನ್ ಆ್ಯಪ್ ಮೂಲಕ ಈ ವಿವರವನ್ನ ಮೊದಲೇ ಇಳಿಸ್ಕೊಳ್ತವೆ, ಆಗ ಕೆಲವೇ ಸೆಕೆಂಡಲ್ಲಿ ರೆಡಿ.

ಎತ್ತರದ ಲೆಕ್ಕ ಇನ್ನೊಂದು ಕಥೆ. ಜಿಪಿಎಸ್ ಅಡ್ಡಡ್ಡ ಎಲ್ಲಿದ್ದೀರ ಅನ್ನೋದನ್ನ ಚೆನ್ನಾಗಿ ಹೇಳುತ್ತೆ, ಎಷ್ಟು ಎತ್ತರದಲ್ಲಿದ್ದೀರ ಅನ್ನೋದರಲ್ಲಿ ಅಷ್ಟು ಚೆನ್ನಾಗಿಲ್ಲ, ಯಾಕಂದ್ರೆ ಉಪಗ್ರಹಗಳೆಲ್ಲ ನಿಮ್ಮ ತಲೆ ಮೇಲಿನ ಕಡೆಯೇ ಇರ್ತವೆ, ಕೆಳಗಡೆಯಿಂದ ಸಿಗ್ನಲ್ ಬರೋಕೆ ಭೂಮಿ ಅಡ್ಡ. ಅದಕ್ಕೇ ಒಳ್ಳೆ ಮಾಡೆಲ್‌ಗಳಲ್ಲಿ ಬ್ಯಾರೋಮೀಟರ್ ಇರುತ್ತೆ, ಗಾಳಿಯ ಒತ್ತಡ ಅಳೆಯೋದು. ಸಮುದ್ರ ಮಟ್ಟದ ಹತ್ರ ಸುಮಾರು 8 ಮೀಟರ್ ಏರಿದ್ರೆ ಒತ್ತಡ 1 ಹೆಕ್ಟೋಪಾಸ್ಕಲ್ (ಗಾಳಿ ಒತ್ತಡ ಅಳೆಯೋ ಮಾನ) ಇಳಿಯುತ್ತೆ, ಇಷ್ಟು ಚಿಕ್ಕ ಬದಲಾವಣೆಯನ್ನೂ ಅದು ಹಿಡಿಯುತ್ತೆ. ಆದ್ರೆ ಹವಾಮಾನ ಬದಲಾದ್ರೂ ಒತ್ತಡ ಬದಲಾಗುತ್ತಲ್ಲ, ಮೋಡ ಕಟ್ಟಿ 3 ಹೆಕ್ಟೋಪಾಸ್ಕಲ್ ಇಳಿದ್ರೆ ನೀವು ಸಮತಟ್ಟು ರಸ್ತೇಲೇ ಇದ್ರೂ ಸುಮಾರು 25 ಮೀಟರ್ ಹತ್ತಿದ್ರಿ ಅಂತ ತೋರಿಸಬಹುದು. ಹೊರಟ ಜಾಗಕ್ಕೇ ವಾಪಸ್ ಬಂದಾಗ ಎತ್ತರ ಬೇರೆ ತೋರಿಸಿದ್ರೆ ಡಬ್ಬಿ ಕೆಟ್ಟಿದೆ ಅಂದ್ಕೋಬೇಡಿ. ನೀವು ಏರುರಸ್ತೆ, ಘಾಟಿ ಅಂತ ಓಡಾಡೋರಾದ್ರೆ ಬ್ಯಾರೋಮೀಟರ್ ಇರೋದೇ ತಗೊಳ್ಳಿ, ಎಷ್ಟು ಪರ್ಸೆಂಟ್ ಏರು ಅಂತ ಆ ಕ್ಷಣಕ್ಕೇ ಕಾಣ್ಬೇಕಾದ್ರೆ ಅದು ಬೇಕೇ ಬೇಕು. ಸಮತಟ್ಟು ಜಾಗದಲ್ಲಿ ಓಡಿಸೋರಿಗೆ ಇದಕ್ಕೆ ಜಾಸ್ತಿ ದುಡ್ಡು ಕೊಡೋ ಅಗತ್ಯ ಇಲ್ಲ, ಸ್ಟ್ರಾವಾ ಥರದ ಆ್ಯಪ್‌ಗಳು ಬ್ಯಾರೋಮೀಟರ್ ಇಲ್ಲದ ಕಂಪ್ಯೂಟರಿನ ಫೈಲಿಗೆ ಮ್ಯಾಪಿನಲ್ಲಿರೋ ಎತ್ತರವನ್ನೇ ಹಾಕ್ಕೊಡ್ತವೆ.

ಈಗ ಸೆನ್ಸರ್‌ಗಳ ವಿಷ್ಯ, ಅಗ್ಗದ ಕಂಪ್ಯೂಟರ್ ತಗೊಳ್ಳುವಾಗ ನಾನು ಮೊದಲು ಹುಡುಕೋ ಸಾಲು ಇದು. ಆ್ಯಂಟ್ ಪ್ಲಸ್ (ಸೆನ್ಸರ್‌ಗಳು ಬಳಸೋ, ಬ್ಲೂಟೂತ್ ಥರದ್ದೇ ಇನ್ನೊಂದು ವೈರ್‌ಲೆಸ್ ವ್ಯವಸ್ಥೆ) ಮತ್ತು ಬ್ಲೂಟೂತ್, ಎರಡರಲ್ಲೂ ಸೆನ್ಸರ್‌ಗಳ ಜೊತೆ ಮಾತಾಡುತ್ತಾ ಅಂತ ನೋಡಿ. ಇಲ್ಲೊಂದು ಮೋಸ ಹೋಗೋ ಜಾಗ ಇದೆ, ಬಾಕ್ಸ್ ಮೇಲೆ ಬ್ಲೂಟೂತ್ ಅಂತ ಬರೆದಿರುತ್ತೆ, ಅದು ಬರೀ ಫೋನಿಗೆ ರೈಡ್ ಕಳಿಸೋಕೆ ಮಾತ್ರ ಇರುತ್ತೆ, ಸೆನ್ಸರ್ ಯಾವುದನ್ನೂ ಜೋಡಿಸೋಕಾಗಲ್ಲ. ಆ್ಯಂಟ್ ಪ್ಲಸ್ ಸೆನ್ಸರ್ ರೇಡಿಯೋ ಸ್ಟೇಷನ್ ಥರ, ಪ್ರಸಾರ ಮಾಡ್ತಾ ಇರುತ್ತೆ, ಎಷ್ಟು ಡಬ್ಬಿ ಬೇಕಾದ್ರೂ ಕೇಳಿಸ್ಕೋಬಹುದು. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಜೋಡಿ, ಹಳೇ ಸೆನ್ಸರ್‌ಗಳು ಒಂದೇ ಸಲಕ್ಕೆ ಒಂದಕ್ಕೆ ಮಾತ್ರ ಸಿಗ್ತವೆ, ಫೋನಿನ ಆ್ಯಪ್ ಅದನ್ನ ಮೊದಲೇ ಹಿಡ್ಕೊಂಡಿದ್ರೆ ಕಂಪ್ಯೂಟರಿಗೆ ಸೆನ್ಸರ್ ಕಾಣೋದೇ ಇಲ್ಲ. ಸೆನ್ಸರ್ ಸಿಗ್ತಿಲ್ಲ ಅಂತ ಅರ್ಧ ಗಂಟೆ ಒದ್ದಾಡೋ ಮುಂಚೆ ಫೋನಲ್ಲಿ ಬ್ಲೂಟೂತ್ ಆಫ್ ಮಾಡಿ ನೋಡಿ. ಇನ್ನೊಂದು, ಈ ಸೆನ್ಸರ್‌ಗಳನ್ನ ಫೋನಿನ ಬ್ಲೂಟೂತ್ ಸೆಟ್ಟಿಂಗಲ್ಲಿ ಹುಡುಕಿ ಪೇರ್ ಮಾಡ್ಬೇಡಿ, ಕಂಪ್ಯೂಟರಿನ ಮೆನು ಒಳಗಿಂದಲೇ ಜೋಡಿಸಿ.

ಒಂದೇ ಒಂದು ಸೆನ್ಸರ್ ತಗೊಳ್ಳೋದಾದ್ರೆ ಯಾವುದು? ಕೇಡೆನ್ಸ್ ಅಂತೀನಿ ನಾನು, ಅಂದ್ರೆ ನಿಮಿಷಕ್ಕೆ ಎಷ್ಟು ಸಲ ಪೆಡಲ್ ಸುತ್ತುತ್ತೆ ಅನ್ನೋದು. ಹೊಸಬರು ಸಾಮಾನ್ಯವಾಗಿ ಭಾರದ ಗೇರ್ ಹಾಕಿ 60ರ ಆಸುಪಾಸಲ್ಲಿ ನಿಧಾನಕ್ಕೆ ಒತ್ತಿ ಒತ್ತಿ ತುಳೀತಾರೆ, ರೂಢಿ ಆದೋರು ಸಮತಟ್ಟಿನಲ್ಲಿ 80ರಿಂದ 90ರಲ್ಲಿ ಇರ್ತಾರೆ. ಅದೇ ಸ್ಪೀಡನ್ನ 60ರ ಬದಲು 90ರಲ್ಲಿ ತುಳಿದ್ರೆ ಪ್ರತಿ ಸುತ್ತಿಗೆ ಕಾಲು ಹಾಕ್ಬೇಕಾದ ಬಲ ಮೂರರಲ್ಲೊಂದು ಪಾಲು ಕಮ್ಮಿ ಆಗುತ್ತೆ. ಮಂಡಿ ಮೇಲೆ ಬೀಳೋ ಭಾರ ಇಳಿಯುತ್ತೆ, ದೂರದ ರೈಡಿನ ಕೊನೆಗೆ ತೊಡೆ ಕಲ್ಲಾಗೋದು ತಪ್ಪುತ್ತೆ. ಇದನ್ನ ಅಂದಾಜಲ್ಲಿ ಕಲಿಯೋದು ಕಷ್ಟ, ಯಾಕಂದ್ರೆ 65ರಲ್ಲಿ ತುಳಿಯೋನಿಗೂ ತಾನು ಸರಿಯಾಗೇ ತುಳೀತಿದ್ದೀನಿ ಅನ್ಸುತ್ತೆ. ಕಣ್ಣ ಮುಂದೆ ನಂಬರ್ ಇದ್ರೆ ಕೆಲವೇ ವಾರಗಳಲ್ಲಿ ಗೇರ್ ಬದಲಾಯ್ಸೋ ಅಭ್ಯಾಸವೇ ಬದಲಾಗುತ್ತೆ. ಪೆಡಲ್ ಕೂರಿಸಿರೋ ಕ್ರ್ಯಾಂಕಿಗೆ ರಬ್ಬರ್ ಬ್ಯಾಂಡಲ್ಲಿ ಕಟ್ಟೋ ಚಿಕ್ಕ ಸೆನ್ಸರ್ ಸಾಕು, ಮ್ಯಾಗ್ನೆಟ್ಟೂ ಬೇಡ. ಹಾರ್ಟ್ ರೇಟ್ ಎರಡನೇದು, ಎದೆಗೆ ಕಟ್ಟೋ ಬೆಲ್ಟ್ ಕೈಗೆ ಕಟ್ಟೋದಕ್ಕಿಂತ ನಂಬಿಕಸ್ತ, ನಿಮ್ಮ ಹತ್ರ ವಾಚ್ ಇದ್ರೆ ಅದು ಹಾರ್ಟ್ ರೇಟನ್ನ ಪ್ರಸಾರ ಮಾಡುತ್ತಾ ಅಂತ ಮೊದಲು ನೋಡಿ, ಮಾಡಿದ್ರೆ ಬೆಲ್ಟಿನ ದುಡ್ಡು ಉಳೀತು. ತುಳಿಯೋ ಶಕ್ತಿಯನ್ನ ವಾಟ್ ಲೆಕ್ಕದಲ್ಲಿ ಅಳೆಯೋ ಪವರ್ ಮೀಟರ್ ಈಗ ಬೇಡ. ಕ್ಯಾಲೊರಿ ಲೆಕ್ಕವನ್ನ ಯಾವ ಅಗ್ಗದ ಕಂಪ್ಯೂಟರಲ್ಲೂ ನಂಬಬೇಡಿ, ತೂಕ ಸ್ಪೀಡು ನೋಡಿ ಹಾಕೋ ಅಂದಾಜು ಅದು, ಹಿಂದಿನಿಂದ ಗಾಳಿ ತಳ್ತಿದ್ಯಾ ಎದುರಿಂದ ಬರ್ತಿದ್ಯಾ ಅದಕ್ಕೇನು ಗೊತ್ತು.

ಸ್ಕ್ರೀನ್ ವಿಷ್ಯದಲ್ಲಿ ಕಲರ್ ಅಂತ ಮರುಳಾಗೋದು ಬೇಡ. ಅಗ್ಗದ ಡಬ್ಬಿಗಳಲ್ಲಿ ಬರೋ ಕಪ್ಪು ಬಿಳುಪು ಎಲ್‌ಸಿಡಿ ಬಿಸಿಲು ಜಾಸ್ತಿ ಆದಷ್ಟೂ ಇನ್ನೂ ಸ್ಪಷ್ಟ ಕಾಣುತ್ತೆ, ಯಾಕಂದ್ರೆ ಅದು ಬಿದ್ದ ಬೆಳಕನ್ನೇ ವಾಪಸ್ ಕಳಿಸಿ ತೋರಿಸುತ್ತೆ, ಬ್ಯಾಟರಿನೂ ತಿನ್ನಲ್ಲ. ನೋಡ್ಬೇಕಾದ್ದು ಅಂಕಿಗಳ ಸೈಜು ಮತ್ತೆ ಒಂದು ಪೇಜಲ್ಲಿ ಎಷ್ಟು ನಂಬರ್ ಇರ್ಬೇಕು ಅಂತ ನೀವೇ ಬದಲಾಯ್ಸೋಕಾಗುತ್ತಾ ಅನ್ನೋದು. ಕೆಲವು ತೀರಾ ಕಮ್ಮಿ ಬೆಲೆಯವುಗಳಲ್ಲಿ ಏಳೆಂಟು ಪುಟಾಣಿ ಅಂಕಿ ಒಟ್ಟಿಗೆ ತುಂಬಿಸಿರ್ತಾರೆ, ಬದಲಾಯ್ಸೋಕೇ ಆಗಲ್ಲ. ಅಂಗಡೀಲಿ ಕೈಗೆ ಸಿಕ್ಕಿದ್ರೆ ಕೈ ಚಾಚಿ ಹ್ಯಾಂಡಲ್ ಇರೋ ದೂರದಲ್ಲಿ ಹಿಡಿದು ಓದಿ ನೋಡಿ, ಓದೋ ಕನ್ನಡಕ ಹಾಕೋರು ಕನ್ನಡಕ ತೆಗೆದು ನೋಡಿ. ಬಟನ್‌ಗಳನ್ನ ಗ್ಲೌಸ್ ಹಾಕ್ಕೊಂಡು ಒತ್ತಿ ನೋಡಿ, ಟಚ್‌ಗಿಂತ ಬಟನ್ನೇ ಮೇಲು.

ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಬರೆದಿರೋದು ಲೈಟ್ ಆಫ್ ಇಟ್ಟು ಸೆನ್ಸರ್ ಕಮ್ಮಿ ಜೋಡಿಸಿದಾಗಿನ ಲೆಕ್ಕ ಅಂದ್ಕೊಳ್ಳಿ, ಬಳಕೇಲಿ ಅದಕ್ಕಿಂತ ಕಮ್ಮಿನೇ ಬರುತ್ತೆ, ವರ್ಷ ಕಳೆದ ಹಾಗೆ ಇನ್ನೂ ಇಳಿಯುತ್ತೆ. ನಿಮ್ಮ ಅತಿ ಉದ್ದದ ರೈಡಿನ ಎರಡರಷ್ಟು ಬರೆದಿದ್ರೆ ಧೈರ್ಯವಾಗಿ ತಗೋಬಹುದು. ನೀರು ತಡೆಯೋ ರೇಟಿಂಗಲ್ಲಿ ಐಪಿಎಕ್ಸ್7 ಅಂದ್ರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ ತಡೆಯುತ್ತೆ ಅಂತ, ಮಳೆಗೆ ಸಾಕು. ಆದ್ರೆ ಅದು ನಿಂತ ನೀರಿನ ಪರೀಕ್ಷೆ, ಪೈಪಲ್ಲಿ ಜೋರಾಗಿ ನೀರು ಬಿಟ್ಟು ಸೈಕಲ್ ತೊಳೆಯುವಾಗ ಡಬ್ಬಿ ಬಿಚ್ಚಿ ಪಕ್ಕಕ್ಕಿಡಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ ಮುಚ್ಚದೆ ಮಳೇಲಿ ಹೋದ್ರೆ ಯಾವ ರೇಟಿಂಗೂ ಕಾಪಾಡಲ್ಲ.

ಮ್ಯಾಪ್ ಬೇಕಾ? ಬಜೆಟ್ ಏರೋದು ಇಲ್ಲೇ. ಅಗ್ಗದವುಗಳಲ್ಲಿ ಕೆಲವು ಮಾತ್ರ ಮೊದಲೇ ಹಾಕಿಟ್ಟ ದಾರಿಯನ್ನ ಖಾಲಿ ಸ್ಕ್ರೀನ್ ಮೇಲೆ ಒಂದು ಗೆರೆಯಾಗಿ ತೋರಿಸ್ತವೆ, ನೀವು ಎಲ್ಲಿದ್ದೀರ ಅಂತ ಒಂದು ಬಾಣ, ಗೆರೆ ಬಿಟ್ಟು ಹೋದ್ರೆ ಬೀಪ್. ಗೊತ್ತಿಲ್ಲದ ಊರಲ್ಲಿ ಸುತ್ತೋರಿಗೆ ಆ ಒಂದು ಗೆರೇನೇ ಬಹಳ ಸಹಾಯ. ರಸ್ತೆ ಹೆಸರು, ತಿರುವು, ದಾರಿ ತಪ್ಪಿದ್ರೆ ಹೊಸ ದಾರಿ ಇವೆಲ್ಲ ಬೇಕಂದ್ರೆ ಬೆಲೆ ಒಂದು ಮೆಟ್ಟಿಲು ಮೇಲೆ ಹೋಗುತ್ತೆ. ದಿನಾ ಓಡಾಡೋ ರಸ್ತೆಗಳಲ್ಲೇ ಓಡಿಸೋರಿಗೆ ನಾನು ಇದನ್ನ ಹೇಳಲ್ಲ, ವರ್ಷಕ್ಕೊಮ್ಮೆ ದಾರಿ ಗೊತ್ತಾಗ್ದೆ ಇದ್ರೆ ನಿಂತು ಫೋನ್ ತೆಗೆದು ನೋಡಬಹುದು.

ಹಾರ್ಡ್‌ವೇರ್ ಎಷ್ಟೇ ಚೆನ್ನಾಗಿರ್ಲಿ, ಆ್ಯಪ್ ಕೆಟ್ಟದಾಗಿದ್ರೆ ಆ ಕಂಪ್ಯೂಟರ್ ಡ್ರಾಯರ್ ಸೇರುತ್ತೆ, ಇದನ್ನ ಜನ ಕೊಳ್ಳುವಾಗ ನೋಡೋದೇ ಇಲ್ಲ. ಕೊಳ್ಳೋ ಮುಂಚೆನೇ ಆ ಕಂಪನಿಯ ಆ್ಯಪ್ ಇಳಿಸ್ಕೊಂಡು ನೋಡಿ, ಇತ್ತೀಚೆಗೆ ಅಪ್‌ಡೇಟ್ ಆಗಿದ್ಯಾ, ಸಿಂಕ್ ಆಗಲ್ಲ ಅಂತ ತುಂಬಾ ಜನ ಬರೆದಿದ್ದಾರಾ, ನೀವು ಬಳಸೋ ಜಾಗಕ್ಕೆ ರೈಡ್ ತಾನಾಗೇ ಹೋಗುತ್ತಾ. ಜೊತೆಗೆ ಯುಎಸ್‌ಬಿ ಕೇಬಲ್ ಹಾಕಿದ್ರೆ ಫಿಟ್ ಫೈಲ್ ನೇರವಾಗಿ ಕಾಪಿ ಮಾಡ್ಕೋಬಹುದಾ ಅಂತಾನೂ ತಿಳ್ಕೊಳ್ಳಿ. ಫಿಟ್ ಅನ್ನೋದು ಹೆಚ್ಚಿನ ಎಲ್ಲಾ ಕಂಪ್ಯೂಟರ್‌ಗಳು ರೈಡ್ ಉಳಿಸೋ ಫೈಲ್ ಮಾದರಿ. ಅದು ನಿಮ್ಮ ಕೈಗೆ ಸಿಗೋ ಹಾಗಿದ್ರೆ ನಾಳೆ ಕಂಪನಿ ಆ್ಯಪ್ ನಿಲ್ಲಿಸಿದ್ರೂ ನಿಮ್ಮ ರೈಡ್‌ಗಳು ಎಲ್ಲೂ ಹೋಗಲ್ಲ.

ಹೆಸರುಗಳು ಬೇಕು ಅನ್ನೋರಿಗೆ, ಕಮ್ಮಿ ಬೆಲೆಯ ಜಿಪಿಎಸ್ ಸಾಲಲ್ಲಿ ಬ್ರೈಟನ್, ಐಜಿಪಿಸ್ಪೋರ್ಟ್, ಕ್ಸಾಸ್, ಮಜೀನ್, ಕೂಸ್ಪೋ ಇವುಗಳ ಕೆಳಗಿನ ಬೆಲೆಯ ಮಾಡೆಲ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಗಾರ್ಮಿನ್, ವಾಹೂ ಕಂಪನಿಗಳ ಹೊಸದು ದುಬಾರಿ ಅನ್ಸಿದ್ರೆ ಸೆಕೆಂಡ್ ಹ್ಯಾಂಡ್ ತಗೋಬಹುದು, ಆದ್ರೆ ತೀರಾ ಹಳೇದು ಬೇಡ. ಜಿಪಿಎಸ್ ವ್ಯವಸ್ಥೆ ವಾರಗಳನ್ನ 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತೆ, 2019ರ ಏಪ್ರಿಲ್ 6ರ ರಾತ್ರಿ ಹಾಗಾಯ್ತು, ಆಮೇಲೆ ಅಪ್‌ಡೇಟ್ ಸಿಗದ ಹಳೇ ಸಾಧನಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ಬರೆಯೋ ಸಾಧ್ಯತೆ ಇದೆ. ಕೈಗೆ ತಗೊಂಡಾಗ ಆನ್ ಮಾಡಿ ತಾರೀಖು ನೋಡಿ, ಎಲ್ಲಾ ಬಟನ್ ಒತ್ತಿ, ಹಿಂದುಗಡೆ ಮೌಂಟಿಗೆ (ಡಬ್ಬಿಯನ್ನ ಸೈಕಲ್ ಮೇಲೆ ಕೂರಿಸೋ ಹಿಡಿ) ಸಿಕ್ಕಿಸೋ ಕಿವಿಗಳು ಮುರಿದಿಲ್ಲ ತಾನೇ ಅಂತ ನೋಡಿ, ಹಳೇ ಓನರ್ ಅಕೌಂಟಿಂದ ತೆಗೆಸಿ ರೀಸೆಟ್ ಮಾಡಿಸಿ ತಗೊಳ್ಳಿ.

ಮನೆಗೆ ತಂದ ದಿನ ಮಾಡೋ ಸೆಟ್ಟಿಂಗ್ ಬಗ್ಗೆ ಒಂದೆರಡು ಮಾತು. ಮೊದಲ ಪೇಜಲ್ಲಿ ಸ್ಪೀಡು, ದೂರ, ಕೇಡೆನ್ಸ್ ಮೂರೇ ದೊಡ್ಡದಾಗಿ ಇಟ್ಕೊಳ್ಳಿ, ಏರು ಹತ್ತೋರು ಇನ್ನೊಂದು ಪೇಜಲ್ಲಿ ಎತ್ತರ, ಹಾರ್ಟ್ ರೇಟ್ ಹಾಕ್ಕೊಳ್ಳಿ. ಕಾಲ್, ಮೆಸೇಜ್ ನೋಟಿಫಿಕೇಷನ್ ಆಫ್ ಮಾಡಿ. ಆಟೋ ಪಾಜ್ (ನಿಂತಾಗ ರೆಕಾರ್ಡ್ ತಾನಾಗೇ ನಿಲ್ಲೋದು) ಆನ್ ಇದ್ರೆ ಟ್ರಾಫಿಕ್ ಸಿಗ್ನಲ್ಲಲ್ಲಿ ನಿಂತ ಹೊತ್ತು ಆವರೇಜ್ ಸ್ಪೀಡಿನ ಲೆಕ್ಕಕ್ಕೆ ಬರಲ್ಲ, ಆಫ್ ಇದ್ರೆ ಬರುತ್ತೆ. ಇಬ್ಬರು ಒಟ್ಟಿಗೆ ಓಡಿಸಿ ಬಂದು ಒಬ್ಬರಿಗೆ 22 ಇನ್ನೊಬ್ಬರಿಗೆ 19 ತೋರಿಸ್ತಿದ್ರೆ ಹೆಚ್ಚಾಗಿ ಕಾರಣ ಇದೇ ಆಗಿರುತ್ತೆ, ಯಾರ ಡಬ್ಬಿನೂ ಸುಳ್ಳು ಹೇಳ್ತಿರಲ್ಲ. ಮೌಂಟ್ ಹಾಕುವಾಗ ಹ್ಯಾಂಡಲ್ಲಿನ ಮುಂದಕ್ಕೆ ಚಾಚಿಕೊಂಡಿರೋ ಥರದ್ದು ಸಿಕ್ಕಿದ್ರೆ ಅದನ್ನೇ ಹಾಕಿ, ಸ್ಟೆಮ್ (ಹ್ಯಾಂಡಲ್ಲನ್ನ ಸೈಕಲ್ಲಿಗೆ ಜೋಡಿಸೋ ತುಂಡು) ಮೇಲೆ ಇಟ್ರೆ ನೋಡೋಕೆ ತಲೆ ಪೂರ್ತಿ ಬಗ್ಗಿಸ್ಬೇಕು, ಅಷ್ಟರಲ್ಲಿ ರಸ್ತೆಯಿಂದ ಕಣ್ಣು ತಪ್ಪುತ್ತೆ. ಬಾಕ್ಸಲ್ಲಿ ಒಂದು ತೆಳ್ಳನೆ ದಾರ ಕೊಟ್ಟಿದ್ರೆ ಬಿಸಾಡ್ಬೇಡಿ, ಡಬ್ಬೀಲಿರೋ ತೂತಿಗೆ ಪೋಣಿಸಿ ಹ್ಯಾಂಡಲ್ಲಿಗೆ ಕಟ್ಟಿ. ಗುಂಡಿಗೆ ಬಿದ್ದು ಮೌಂಟಿಂದ ಹಾರಿದ್ರೂ ಅದು ಸೈಕಲ್ ಜೊತೆಗೇ ನೇತಾಡ್ತಿರುತ್ತೆ.